ಎರಡೂ ಕಡೆಯವರು ಬೈದ ಮೇಸ್ತ್ರಿ

ಅವ್ವ ಸತ್ತ ದಿನ ವನಜಾಕ್ಷಿ ಅಳಲಿಲ್ಲ. ಕಳಲೆಯ ಹೆಂಗಸರು ಅದನ್ನು ಗಮನಿಸಿದರು. ಹಾಸಿಗೆ ಹಿಡಿದ ತಾಯಿಯ ಮೈ ಒರೆಸಿ, ಬಟ್ಟೆ ಒಗೆದು, ಗಂಜಿ ಕುಡಿಸಿ ವರ್ಷಗಟ್ಟಲೆ ನೋಡಿಕೊಂಡವಳು ಅವಳೇ. ಅಂಥವಳು ಹೆಣದ ತಲೆದೆಸೆಯಲ್ಲಿ ಕೂತು ಬಂದವರಿಗೆ ಜಾಗ ತೋರಿಸುತ್ತಿದ್ದಳು, ಹಾರ ತಂದವರ ಕೈಯಿಂದ ಹಾರ ಇಸಿದುಕೊಳ್ಳುತ್ತಿದ್ದಳು. "ಒಳಗೇ ಇಟ್ಕೊಂಡವ್ಳೆ ಕಣ್ರವ್ವ, ಇವತ್ತಲ್ಲ ನಾಳೆ ಕಟ್ಟೆ ಒಡೀತದೆ" ಎಂದರು ಹೆಂಗಸರು. ತಿಥಿ ಕಳೆಯಿತು, ಕಟ್ಟೆ ಒಡೆಯಲಿಲ್ಲ. ಒಡೆಯುವುದಕ್ಕೆ ಒಳಗೆ ನೀರೇ ಇದ್ದಂತಿರಲಿಲ್ಲ. ತಿಥಿಯ ಮಾರನೆಯ ದಿನ ಅವಳು ಎಂದಿನಂತೆ ಎದ್ದು, ಡಬ್ಬಿಗೆ ಅನ್ನ ಹಾಕಿಕೊಂಡು ಫ್ಯಾಕ್ಟರಿ ಬಸ್ಸು ಹತ್ತಿದಳು.

ನಂಜನಗೂಡಿನ ಕೈಗಾರಿಕಾ ಪ್ರದೇಶದ ಒಂದು ಬಿಸ್ಕತ್ತು ಫ್ಯಾಕ್ಟರಿಯಲ್ಲಿ ಅವಳಿಗೆ ಪ್ಯಾಕಿಂಗ್ ಕೆಲಸ. ತಲೆಗೆ ಬಲೆಯ ಟೋಪಿ, ಕೈಗೆ ಗ್ಲೌಸು ಹಾಕಿಕೊಂಡು ಬೆಲ್ಟಿನ ಪಕ್ಕ ನಿಂತರೆ ಬಿಸ್ಕತ್ತುಗಳು ಸಾಲಾಗಿ ಬರುತ್ತವೆ. ಒಡೆದದ್ದನ್ನು, ಸೀದದ್ದನ್ನು ಆಯ್ದು ಪಕ್ಕದ ಟ್ರೇಗೆ ಹಾಕಬೇಕು. ಆ ಕೆಲಸಕ್ಕೆ ಮನಸ್ಸು ಬೇಕಿಲ್ಲ, ಕಣ್ಣು ಕೈ ಇದ್ದರೆ ಸಾಕು. ವನಜಾಕ್ಷಿಗೆ ಅದು ಹಿಡಿಸಿತ್ತು.

ವಯಸ್ಸು ನಲವತ್ತು ದಾಟಿತ್ತು. ಇಪ್ಪತ್ತರ ಹರೆಯದಲ್ಲಿ ಕವಲಂದೆಗೆ ಮದುವೆ ಮಾಡಿಕೊಟ್ಟಿದ್ದರು. ಗಂಡನಿಗೆ ಬೇರೆ ಕಡೆ ಇನ್ನೊಂದು ಸಂಸಾರ ಇತ್ತು ಎಂಬುದು ಅಲ್ಲಿಗೆ ಹೋದ ಮೇಲೆ ತಿಳಿಯಿತು. ಒಂದು ಬೇಸಿಗೆಯಲ್ಲಿ ಅಪ್ಪನೇ ಹೋಗಿ ಕರೆದುಕೊಂಡು ಬಂದ. ಮನೆಗೆ ಬಂದ ಮೇಲೆ ಯಾರೂ ಅದರ ಮಾತೆತ್ತಲಿಲ್ಲ. ನಡುಮನೆಗೂ ಅಡುಗೆಮನೆಗೂ ನಡುವೆ ಇದ್ದ ಸಣ್ಣ ಕೋಣೆಯನ್ನು ಅವ್ವ ಗುಡಿಸಿ ಕೊಟ್ಟಳು. ಅಪ್ಪ ಹೋದ ಮೇಲೆ ಅವ್ವನೂ ಅದೇ ಕೋಣೆಗೆ ಬಂದು ಮಲಗತೊಡಗಿದಳು. ಹೀಗೆ ಕಾಲ ಸರಿಯಿತು.

ಅಣ್ಣ ನಂಜುಂಡ ಹೊಲ ನೋಡಿಕೊಳ್ಳುತ್ತಿದ್ದ, ಜೊತೆಗೆ ಊರಿನ ಹಾಲಿನ ಡೈರಿಯಲ್ಲಿ ಕೆಲಸ. ತಮ್ಮ ಕುಮಾರ ಮೈಸೂರಿನ ಒಂದು ಆಸ್ಪತ್ರೆಯಲ್ಲಿ ಲಿಫ್ಟ್ ಆಪರೇಟರ್. ಇಬ್ಬರಿಗೂ ಹೆಂಡಿರು ಮಕ್ಕಳು. ಅವ್ವ ಇರುವಾಗಲೇ ಒಲೆ ಎರಡಾಗಿದ್ದವು, ಆದರೂ ಹೊಸಿಲು ಒಂದೇ ಇತ್ತು. ಅವ್ವ ಹೋದ ಮೇಲೆ ಅದೂ ಭಾರವಾಯಿತು. ಜಗಳಕ್ಕೆ ಇಂಥದೇ ಕಾರಣ ಎಂದು ಹೇಳಲು ಯಾರಿಗೂ ಬರುತ್ತಿರಲಿಲ್ಲ. ಇವತ್ತು ಬಚ್ಚಲ ನೀರು, ನಾಳೆ ಜಗಲಿಯ ಮೇಲೆ ನಿಲ್ಲಿಸಿದ ಬೈಕು, ನಾಡಿದ್ದು ಟೀವಿಯ ಸದ್ದು. ಎತ್ತು ಏರಿಗೆ ಎಳೆದರೆ ಕೋಣ ನೀರಿಗೆ ಎಳೆಯಿತು. ಕೊನೆಗೆ ಊರಿನ ನಾಲ್ಕು ಜನ ಕೂತು, "ನಡುವ್ಕೆ ಒಂದ್ ಗ್ವಾಡೆ ಎಬ್ಬುಸ್ಕಂಡು ನೆಮ್ದಿಯಾಗಿರಿ ಕಣ್ರಪ್ಪ" ಎಂದು ಎದ್ದು ಹೋದರು.

ಅಪ್ಪನ ಆಸ್ತಿಯಲ್ಲಿ ಹೆಣ್ಣುಮಕ್ಕಳಿಗೂ ಪಾಲುಂಟು ಎಂದು ಫ್ಯಾಕ್ಟರಿಯ ಗೆಳತಿಯರು ವನಜಾಕ್ಷಿಗೆ ಹೇಳಿದ್ದರು. ಅದು ಅವಳಿಗೂ ಗೊತ್ತಿತ್ತು. ಆದರೆ ಅಣ್ಣ ಒಂದು ಬೆಳಿಗ್ಗೆ "ಸಬ್ ರಿಜಿಸ್ಟ್ರಾರ್ ಆಪೀಸ್ ತಾವ ಒಸಿ ಬಂದೋಗಮ್ಮಿ, ಒಂದ್ ಸೈನ್ ಆಕ್ಬುಟ್ಟು ನೀ ಡ್ಯೂಟಿಗೋಗು" ಎಂದ. ಹೋದಳು, ಹಾಕಿದಳು, ಡ್ಯೂಟಿಗೆ ಹೋದಳು. ಅವತ್ತು ಬೆಲ್ಟಿನ ಮೇಲೆ ಬಂದದ್ದು ಏಲಕ್ಕಿ ಬಿಸ್ಕತ್ತು. ಅಷ್ಟು ಬಿಟ್ಟರೆ ಆ ದಿನದ ಬೇರೇನೂ ಅವಳ ನೆನಪಿನಲ್ಲಿ ಉಳಿಯಲಿಲ್ಲ.

ಗೋಡೆ ಎಂದು ತೀರ್ಮಾನವಾಯಿತು, ಆದರೆ ಕಟ್ಟುವವರು ಯಾರು? ಕುಮಾರ ಮೊದಲು ರಘು ಎಂಬವನನ್ನು ಕರೆತಂದ. ರಘು ಕುಮಾರನ ಹೆಂಡತಿ ಹೇಮಲತಾಳಿಗೆ ಚಿಕ್ಕಪ್ಪನ ಮಗ. ನಂಜನಗೂಡಿನಲ್ಲಿ ಕಂಟ್ರಾಕ್ಟರ್ ಎಂದು ಬೋರ್ಡು ಹಾಕಿಕೊಂಡಿದ್ದ. ಕಾರಿನಲ್ಲಿ ಬಂದು, ಮೊಬೈಲಿನಲ್ಲಿ ತಾನು ಕಟ್ಟಿದ ಮನೆಗಳ ಫೋಟೋ ತೋರಿಸಿ, "ನಾಳೆನೇ ಶುರು ಮಾಡ್ಬುಡನ ಭಾವ" ಎಂದ. ಯಾರು ಏನು ಕೇಳಿದರೂ ಆಗುತ್ತದೆ ಎಂದ. ಗೋಡೆಗೆ ಕಿಟಕಿ ಇಡಬಹುದೇ ಎಂದು ಪಕ್ಕದ ಮನೆಯವರು ತಮಾಷೆಗೆ ಕೇಳಿದ್ದಕ್ಕೂ ಆಗುತ್ತದೆ ಎಂದುಬಿಟ್ಟ.

ಅವನು ಹೋದ ಮೇಲೆ ನಂಜುಂಡ ಹಾರಾಡಿದ. "ಅವ್ನು ಏಮಲತನ್ ಕಡೆಯೋನು. ಕಟ್ತಾ ಕಟ್ತಾನೇ ಒಂದಡಿ ನನ್ ಕಡೀಕೆ ಜರುಗಿಸ್ಬುಡ್ತಾನೆ. ನನ್ಗೇನ್ ಕಣ್ಣಿಲ್ವಾ?"

ನಂಜುಂಡನೇ ಊರಿನ ಒಬ್ಬ ಮೇಸ್ತ್ರಿಯ ಹೆಸರು ಹೇಳಿದಾಗ ಕುಮಾರ ಒಪ್ಪಲಿಲ್ಲ. "ಅಣ್ಣನ್ ಜೊತೆ ದಿನಾ ಡೈರಿ ಮುಂದೆ ಕೂತ್ಕಂಡು ಟೀ ಕುಡಿಯೋನು. ಅವ್ನ್ ಕಟ್ಟಿದ್ ಗೋಡೆ ನಂಗೆ ನ್ಯಾಯ ಕೊಟ್ಟದಾ?"

ಆಮೇಲೆ ಒಬ್ಬರಿಗೆ ತಿಳಿಯದಂತೆ ಇನ್ನೊಬ್ಬರು ವನಜಾಕ್ಷಿಯ ಬಳಿ ಬಂದರು. ಅವಳು ಹಿತ್ತಲಲ್ಲಿ ಯೂನಿಫಾರಂ ಒಗೆಯುತ್ತಿದ್ದಾಗ ನಂಜುಂಡ ಬಂದು, "ನೀನೇ ಒಬ್ಬ ಮೇಸ್ತ್ರಿನ ನೋಡಮ್ಮಿ. ನೀ ಯಾರ್ನ ಅಂದ್ರೂ ನಂಗೆ ಒಪ್ಗೆ" ಎಂದ. ಸಂಜೆ ಬಸ್ಸು ಇಳಿಯುವಾಗ ಕುಮಾರ ಕಾದು ನಿಂತು ಹೆಚ್ಚುಕಡಿಮೆ ಅದನ್ನೇ ಹೇಳಿದ. "ಅಕ್ಕ, ನಿನ್ ಬಾಯಿಂದ ಬಂದ್ರೆ ನಾನು ಎರಡ್ನೆ ಮಾತಾಡಲ್ಲ." ಇಬ್ಬರಿಗೂ ಅವಳು "ಆಯ್ತು" ಎಂದಳು. ಅಣ್ಣ ತಮ್ಮ ಇಬ್ಬರೂ ಒಂದೇ ವಿಷಯಕ್ಕೆ ಒಪ್ಪಿದ್ದು ಬಹಳ ದಿನಗಳ ಮೇಲೆ. ಅದನ್ನು ನೋಡಿ ಸಂತೋಷವಾಗಬೇಕಿತ್ತೋ, ಹೊಟ್ಟೆ ಉರಿಯಬೇಕಿತ್ತೋ? ಅವಳಿಗೆ ಎರಡೂ ಆಗಲಿಲ್ಲ.

ಆದರೆ ಒಪ್ಪಿಕೊಂಡ ಕೆಲಸವನ್ನು ಅರೆಬರೆ ಮಾಡುವುದು ಅವಳಿಗೆ ಗೊತ್ತಿರಲಿಲ್ಲ. ಮೊದಲು ರಘುವಿಗೇ ಫೋನ್ ಮಾಡಿದಳು. "ಫೋಟೋ ಬ್ಯಾಡ ರಘು, ನೀನ್ ಕಟ್ಟಿದ್ ಮನೆ ತೋರ್ಸು. ಒಂದೆರಡ್ ಮಳೆಗಾಲ ಕಂಡಿರ್ಬೇಕು" ಎಂದಳು. ರಘು ನಕ್ಕು, ಹೊಸದಾಗಿ ಗೃಹಪ್ರವೇಶ ಆದ ಒಂದು ಮನೆಗೆ ಕರೆದೊಯ್ದ. ಬಾಗಿಲ ತೋರಣ ಇನ್ನೂ ಬಾಡಿರಲಿಲ್ಲ, ಬಣ್ಣದ ವಾಸನೆ ಹೋಗಿರಲಿಲ್ಲ. "ಇದಕ್ಕಿಂತ ಹಳೇದು?" ಎಂದಳು. ಹಳೆಯ ಮನೆಗಳ ಯಜಮಾನರು ಊರಲ್ಲಿಲ್ಲ ಎಂದ. ಒಬ್ಬರಲ್ಲ, ಎಲ್ಲರೂ ಊರಲ್ಲಿಲ್ಲ. ವನಜಾಕ್ಷಿ ಬಸ್ಸು ಹಿಡಿದು ಬಂದಳು.

ಫ್ಯಾಕ್ಟರಿಯಲ್ಲಿ ಊಟದ ಹೊತ್ತಿಗೆ ಪಕ್ಕ ಕೂರುತ್ತಿದ್ದವಳು ಕವನ. ಟಿ. ನರಸೀಪುರದಿಂದ ಬಸ್ಸಿನಲ್ಲಿ ಬಂದು ಹೋಗುವ ಹುಡುಗಿ, ವನಜಾಕ್ಷಿಗಿಂತ ಬಹಳ ಚಿಕ್ಕವಳು, ಬಾಯಿ ಜೋರು. ವಿಷಯ ಕೇಳಿ, "ಬನ್ನೂರಲ್ಲಿ ನಮ್ ದೊಡ್ಡಮ್ಮನ್ ಮನೇಲೂ ಇಂಗೇ ಆಗಿತ್ತು ವನಜಕ್ಕ. ಒಬ್ಬ ಮುದ್ಕ ಬಂದು ಗೋಡೆ ಕಟ್ಟಿದ್ದ. ಸಿದ್ದಮಲ್ಲಪ್ಪ ಅಂತ. ಸುತ್ತಮುತ್ತ ಪಾಲಿನ್ ಗೋಡೆ ಅಂದ್ರೆ ಅವನೇ" ಎಂದಳು.

"ಚೆನ್ನಾಗ್ ಕಟ್ತಾನಾ?"

"ಅದ್ ನಂಗೊತ್ತಿಲ್ಲ. ದೊಡ್ಡಮ್ಮ ಮಾತ್ರ ಅವನ ಹೆಸ್ರೆತ್ತುದ್ರೆ ಉರ್ದು ಬೀಳ್ತಾಳೆ."

ಭಾನುವಾರ ಇಬ್ಬರೂ ಬನ್ನೂರಿಗೆ ಹೋದರು. ನರಸೀಪುರ ದಾಟಿದ ಮೇಲೆ ರಸ್ತೆಯ ಎರಡೂ ಕಡೆ ಗದ್ದೆ, ಕಬ್ಬು. ಕವನ ದಾರಿಯುದ್ದಕ್ಕೂ ಮಾತಾಡಿದಳು. ವನಜಾಕ್ಷಿ ಕಿಟಕಿಯಾಚೆ ನೋಡುತ್ತ ಹೂಂಗುಟ್ಟಿದಳು. ಕಬ್ಬಿನ ಲಾರಿಯ ಹಿಂದೆ ಬಸ್ಸು ನಿಧಾನವಾಗಿ ಹೋಗುತ್ತಿತ್ತು. ನಿಧಾನವಾದರೂ ಒಂದೇ, ಬೇಗವಾದರೂ ಒಂದೇ ಎಂಬಂತೆ ಕೂತಿದ್ದಳು.

ಕವನಳ ದೊಡ್ಡಮ್ಮ ಪಾಪಮ್ಮ ಇವರನ್ನು ಕೂರಿಸಿ ಮಜ್ಜಿಗೆ ಕೊಟ್ಟಳು. ಸಿದ್ದಮಲ್ಲಪ್ಪನ ಹೆಸರು ಕೇಳಿದ್ದೇ ತಡ, ಲೋಟ ಕೆಳಗಿಟ್ಟಳು.

"ಆ ಮುದ್ಕನ್ನ ಮಾತ್ರ ಕರೀಬ್ಯಾಡ ಕಣವ್ವ! ದೀಪ ಇಡಾಕೆ ಒಂದ್ ಗೂಡು ಬುಡಪ್ಪ ಅಂದ್ರೆ ಬುಡ್ನಿಲ್ಲ. ಗೂಡು ಕೊರುದ್ರೆ ಆ ಕಡೆ ಗ್ವಾಡೆ ತೆಳ್ಳಗಾಯ್ತದಂತೆ. ಆಗ್ಲಿ, ನಂಗೇನು? ಊಟಕ್ಕಿಕ್ಕಿ ಕೇಳ್ದೆ, ಮೀನ್ ಸಾರು ಮಾಡಿ ಕೇಳ್ದೆ. ತಿಂದ್ಬುಟ್ಟು ಇಲ್ಲ ಅಂದ!"

ವನಜಾಕ್ಷಿ ಎದ್ದು ಗೋಡೆಯ ಬಳಿ ಹೋದಳು. ಬುಡದಿಂದ ಮೇಲಿನವರೆಗೂ ನೋಡಿದಳು. "ಬಿರುಕು ಬಿಟ್ಟಿದ್ಯಾ?"

"ಅದೇನಿಲ್ಲ ಬುಡು."

"ಮಳೇಲಿ ತೇವ ಬತ್ತದಾ?"

"ಇಲ್ಲ."

"ಕೆಲ್ಸ ಮುಗುದ್ ಮ್ಯಾಲೆ ಪೋನ್ ಮಾಡುದ್ರೆ ಎತ್ತಾನಾ?"

"ಎತ್ತಾನೆ. ಎತ್ತಿ ಬಯ್ತಾನೆ" ಎಂದಳು ಪಾಪಮ್ಮ. ಕವನ ಬಾಯಿಗೆ ಕೈ ಅಡ್ಡ ಹಿಡಿದು ನಕ್ಕಳು.

ಅಲ್ಲಿಂದ ಎದ್ದವಳು ಸೀದಾ ಗೋಡೆಯ ಆ ಕಡೆಯ ಮನೆಗೆ ಹೋದಳು. ಪಾಪಮ್ಮನ ಮೈದುನನ ಮನೆ ಅದು. ಎರಡು ಮನೆಗೂ ಮಾತಿಲ್ಲವಾದ್ದರಿಂದ ಕವನ ಬೀದಿಯಲ್ಲೇ ನಿಂತಳು. ಪಾಪಮ್ಮನ ಓರಗಿತ್ತಿ ಬಾಗಿಲಲ್ಲೇ ಶುರು ಮಾಡಿದಳು. "ಅವ್ನಾ? ಹಟಮಾರಿ! ಗ್ವಾಡೇಲಿ ಒಂದ್ ಬೀರು ಮಾಡ್ಕೊಡು ಅಂತ ಕಾಲ್ ಇಡ್ಕಳದೊಂದು ಬಾಕಿ. ಆ ಕಡೆಯೋಳ್ಗೆ ಗೂಡು ಕೊಡ್ನಿಲ್ಲ, ನಿಮ್ಗೂ ಬೀರು ಇಲ್ಲ ಅಂದ್ಬುಟ್ಟ. ಅವ್ಳ್ಗೂ ನಂಗೂ ಏನವ್ವಾ ಸಂಬಂದ?"

ವನಜಾಕ್ಷಿ ಹೊರಗೆ ಬಂದು, "ಇವರೇ ಸರಿ" ಎಂದಳು.

ಕವನ ಕಣ್ಣರಳಿಸಿದಳು. "ಇಬ್ರೂ ಉಗುದ್ರಲ್ಲಾ ಅಕ್ಕ!"

"ಇಬ್ರೂ ಒಂದೇ ವಿಷ್ಯಕ್ಕೆ ಉಗುದ್ರು. ಒಬ್ರು ಹೊಗಳಿ ಒಬ್ರು ಉಗುದಿದ್ರೆ ಬ್ಯಾಡ ಅಂತಿದ್ದೆ."

ಸಿದ್ದಮಲ್ಲಪ್ಪ ಸಿಕ್ಕಿದ್ದು ಊರಾಚೆ, ಕಟ್ಟುತ್ತಿದ್ದ ಒಂದು ಕೊಟ್ಟಿಗೆಯ ಬಳಿ. ಉದ್ದನೆಯ ಆಳು, ಹುಬ್ಬಿನ ಮೇಲೆಲ್ಲ ಸಿಮೆಂಟಿನ ಧೂಳು. ಮಾತು ಮೊಟಕು. ಬಂದ ಕಾರಣ ಕೇಳಿ, "ಇದ್ ಮುಗೀಬೇಕು. ಒಂದ್ ಕೆಲ್ಸ ಕೈಲಿಟ್ಕಂಡು ಇನ್ನೊಂದುಕ್ಕೆ ಕೈ ಆಕಲ್ಲ ತಾಯಿ" ಎಂದ. ಕಾಯುತ್ತೇವೆ ಎಂದಳು. "ಇಟ್ಗೆ, ಸಿಮೆಂಟು ಅಣ್ತಮ್ಮದೀರೇ ಅರ್ಧರ್ಧ ತಂದಾಕ್ಸ್ಬೇಕು. ನಾ ತರಲ್ಲ. ದಾರ ಕಟ್ಟೋ ದಿನ ಇಬ್ರೂ ಎದುರ್ಗಿರ್ಬೇಕು. ದಾರ ಕಟ್ಟಿದ್ ಮೇಲೆ ದೇವ್ರು ಬಂದ್ ಯೋಳುದ್ರೂ ಜರುಗ್ಸಲ್ಲ." ಅದಕ್ಕೂ ಆಯಿತು ಎಂದಳು. ಮುಂಗಡದ ಮಾತನ್ನು ಅವನು ಎತ್ತಲಿಲ್ಲ. ಗೋಡೆ ಸೊಂಟದ ಮಟ್ಟಕ್ಕೆ ಬಂದಾಗ ಕೊಡಿ ಎಂದ ಅಷ್ಟೆ. ಅವಳಿಗೆ ಇನ್ನೇನೂ ಕೇಳುವುದು ಉಳಿದಿರಲಿಲ್ಲ.

ಗದ್ದೆಯ ಕುಯ್ಲು ಮುಗಿದ ಮೇಲೆ ಸಿದ್ದಮಲ್ಲಪ್ಪ ಕಳಲೆಗೆ ಬಂದ. ಜೊತೆಗೆ ಇಬ್ಬರು ಆಳುಗಳು. ಅಣ್ಣ ತಮ್ಮ ನಡುಮನೆಯ ಎರಡು ಮೂಲೆಗಳಲ್ಲಿ ಕೈಕಟ್ಟಿ ನಿಂತರು. ಅತ್ತಿಗೆ, ಹೇಮಲತಾ ಇಬ್ಬರೂ ತಮ್ಮ ತಮ್ಮ ಕೋಣೆಯ ಬಾಗಿಲಲ್ಲಿ. ಜಗಲಿಯಿಂದ ಹಿತ್ತಲಿನವರೆಗೆ ಅಳೆದು, ಎರಡು ಕಡೆಯೂ ಸಮ ಬರುವಂತೆ ದಾರ ಎಳೆದು, ಅದರ ಕೆಳಗೆ ಸುಣ್ಣದ ಪುಡಿ ಉದುರಿಸುತ್ತ ಬಂದ. ಬಿಳಿಯ ಗೆರೆ ನಡುಮನೆಯನ್ನು ಸೀಳಿಕೊಂಡು ಹೋಗಿ ಸಣ್ಣ ಕೋಣೆಯ ಹೊಸಿಲು ದಾಟಿತು. ಮಂಚದ ಕೆಳಗೆ ಹಾಯ್ದು, ಆ ಕಡೆಯ ಗೋಡೆ ಮುಟ್ಟಿತು.

ಸಿದ್ದಮಲ್ಲಪ್ಪ ಸುಣ್ಣದ ಬಾಂಡ್ಲಿ ಹಿಡಿದು ನಿಂತ. ಕೋಣೆಯೊಳಗೆ ಗೂಟಕ್ಕೆ ನೇತು ಹಾಕಿದ್ದ ಫ್ಯಾಕ್ಟರಿಯ ಯೂನಿಫಾರಂ ನೋಡಿದ.

"ಈ ಕ್ವಾಣೆ ಯಾರ್ದು?"

"ನಂದು" ಎಂದಳು ವನಜಾಕ್ಷಿ.

"ನೀವ್ ಯಾವ್ ಕಡೀಕೆ ಬತ್ತೀರಿ ತಾಯಿ?"

ಇಷ್ಟು ದಿನ ಈ ಮಾತನ್ನು ಯಾರೂ ಕೇಳಿರಲಿಲ್ಲ. ಊರಿನ ನಾಲ್ಕು ಜನ ಕೇಳಿರಲಿಲ್ಲ, ಸಬ್ ರಿಜಿಸ್ಟ್ರಾರ್ ಕಚೇರಿಯಲ್ಲಿ ಕೇಳಿರಲಿಲ್ಲ. ತನ್ನನ್ನು ತಾನೂ ಕೇಳಿಕೊಂಡಿರಲಿಲ್ಲ. ಅಣ್ಣ ಗಂಟಲು ಸರಿಮಾಡಿಕೊಂಡ. "ಅವ್ಳು ಎಲ್ ಬೇಕಾದ್ರೂ ಇರ್ಲಿ, ನಮ್ದೇನ್ ಅಡ್ಡಿ ಇಲ್ಲ. ಕುಮಾರುನ್ ಕಡೆ ಮಕ್ಳು ಚಿಕ್ಕವು, ಅಲ್ಲಿದ್ರೂ ಆಯ್ತದೆ" ಎಂದ. ಕುಮಾರ ನೆಲ ನೋಡುತ್ತ, "ಅಕ್ಕನ್ನ ಬ್ಯಾಡ ಅಂತೀನಾ? ಅಣ್ಣನ್ ಕಡೆ ಜಾಗ ಒಸಿ ಜಾಸ್ತಿ ಅದಲ್ಲ, ಅದ್ಕೆ..." ಎಂದು ಅಲ್ಲಿಗೇ ನಿಲ್ಲಿಸಿದ.

ಅವರು ಕೆಟ್ಟವರಲ್ಲ. ಅವ್ವನನ್ನು ಆಸ್ಪತ್ರೆಗೆ ಹೊತ್ತುಕೊಂಡು ಓಡಿದವರೇ. ಜ್ವರ ಬಂದರೆ ಮಾತ್ರೆ ತಂದುಕೊಡುವವರೇ. ಅವಳು ಯಾವಾಗಲೂ ಮನೆಯಲ್ಲೇ ಇದ್ದಳು. ಇರುವವಳಿಗೂ ಇರಲು ಜಾಗ ಬೇಕು ಎಂಬುದು ಇಬ್ಬರಿಗೂ ಹೊಳೆದಿರಲಿಲ್ಲ, ಅಷ್ಟೆ. ವನಜಾಕ್ಷಿ ಇಬ್ಬರ ಮುಖವನ್ನೂ ನೋಡಿದಳು. ಕೋಪ ಬರಬಹುದೇನೋ ಎಂದು ಒಂದು ಗಳಿಗೆ ಕಾದಳು, ಬಸ್ಸಿಗೆ ಕಾದ ಹಾಗೆ. ಬರಲಿಲ್ಲ.

"ನಂಜನಗೂಡಲ್ಲಿ ರೂಮ್ ನೋಡಿದೀನಿ" ಎಂದಳು. "ಡ್ಯೂಟಿಗೂ ಹತ್ರ."

ಅದು ಸುಳ್ಳು. ಬಾಯಿಯಿಂದ ಬಂದ ಮೇಲೆಯೇ ಅದು ಅವಳಿಗೂ ತಿಳಿದದ್ದು. ಅಣ್ಣನ ಹೆಗಲು ಸ್ವಲ್ಪ ಸಡಿಲವಾಯಿತು. ಹೇಮಲತಾ ಒಳಗೆ ಹೋಗಿ ಟೀಗೆ ಇಟ್ಟಳು. ಸಿದ್ದಮಲ್ಲಪ್ಪ ಮಾತ್ರ ಕದಲಲಿಲ್ಲ.

"ಬೇಕಾದ್ರೆ ಇವತ್ ದಾರ ಬಿಚ್ತೀನಿ. ನಾಳೆ ಬತ್ತೀನಿ. ಇನ್ನೊಂದ್ ದಪ ಯೋಚ್ನೆ ಮಾಡಿ" ಎಂದ, ಅವಳೊಬ್ಬಳನ್ನೇ ನೋಡಿ.

"ದಾರ ಕಟ್ಟಿದ್ ಮೇಲೆ ಜರುಗ್ಸಲ್ಲ ಅಂದಿದ್ರಿ."

"ಜರುಗ್ಸಲ್ಲ ಅಂದೆ. ಬಿಚ್ಚಲ್ಲ ಅಂದ್ನಾ?"

"ಬ್ಯಾಡಿ. ಶುರು ಮಾಡಿ" ಎಂದು ಅವಳು ಮಂಚದ ಮೇಲಿನ ಹಾಸಿಗೆ ಸುತ್ತತೊಡಗಿದಳು.

ಗೋಡೆ ಏಳುತ್ತಿದ್ದ ದಿನಗಳಲ್ಲಿ ಅವಳು ಜಗಲಿಯ ಮೇಲೆ ಮಲಗಿದಳು. ಫ್ಯಾಕ್ಟರಿಯಿಂದ ಬಂದಾಗಲೆಲ್ಲ ಗೋಡೆ ಒಂದಿಷ್ಟು ಎತ್ತರವಾಗಿರುತ್ತಿತ್ತು. ಮೊದಲು ನಡುಮನೆಯ ಆಚೆ ಅತ್ತಿಗೆ ಅಡ್ಡಾಡುವುದು ಪೂರ್ತಿ ಕಾಣುತ್ತಿತ್ತು, ಆಮೇಲೆ ಸೊಂಟದಿಂದ ಮೇಲೆ, ಆಮೇಲೆ ತಲೆ ಮಾತ್ರ. ಒಂದು ಸಂಜೆ ಬಂದಾಗ ತಲೆಯೂ ಇರಲಿಲ್ಲ. ಬಳೆಯ ಸದ್ದು ಮಾತ್ರ ಕೇಳಿಸಿತು. ಕುಮಾರನ ಪಾಲಿಗೆ ಜಗಲಿಯಿಂದ ಹೊಸ ಬಾಗಿಲು ಇಟ್ಟರು. ಅತ್ತಿಗೆ ಒಂದು ಮೊಳೆ ಹೊಡೆಯಲು ಜಾಗ ಕೇಳಿ ಬೈಸಿಕೊಂಡಳು. ಹೇಮಲತಾ ಸ್ವಿಚ್ ಬೋರ್ಡಿಗೆ ಗೋಡೆ ಕೊರೆಯಲು ಕೇಳಿ ಬೈಸಿಕೊಂಡಳು. ನಂಜುಂಡ ಬಂದು, "ಎಂಥ ಮೇಸ್ತ್ರಿನ ಇಡ್ಕಂಡ್ ಬಂದೆ ನೀನು, ಒಂದ್ ಮಾತ್ ಕೇಳಲ್ವಲ್ಲ" ಎಂದ. ಕುಮಾರನೂ ಅದನ್ನೇ ಅಂದ. ಆದರೆ ಗೋಡೆ ವಾಲಿದೆ ಎಂದೋ ಜರುಗಿದೆ ಎಂದೋ ಇಬ್ಬರಲ್ಲಿ ಯಾರೂ ಒಂದು ಮಾತು ಆಡಲಿಲ್ಲ.

ಕೆಲಸ ಮುಗಿಸಿ ಹೊರಡುವ ದಿನ ಸಿದ್ದಮಲ್ಲಪ್ಪ ಹೇಳಿದ, "ಗ್ವಾಡೆಗೆ ಚೆನ್ನಾಗ್ ನೀರ್ ಬುಡ್ಬೇಕು. ಎರಡ್ ಕಡೆಯಿಂದ್ಲೂವೆ. ಒಂದ್ ಕಡೆ ಒಣುಗ್ಬುಟ್ರೆ ಬಿರುಕ್ ಬುಡ್ತದೆ, ಆಮೇಲ್ ನನ್ನ ಅನ್ಬ್ಯಾಡಿ."

ಅಣ್ಣನ ಕಡೆ ಅತ್ತಿಗೆ ಒಂದು ದಿನ ನೀರು ಹಾಕಿ, ಆ ಕಡೆಯವರು ಹಾಕುವುದಿಲ್ಲ, ನಾನೊಬ್ಬಳು ಯಾಕೆ ಹಾಕಲಿ ಎಂದು ನಿಲ್ಲಿಸಿದಳು. ಹೇಮಲತಾಳದೂ ಅದೇ ಮಾತು. ಹಾಗಾಗಿ ವನಜಾಕ್ಷಿಯೇ ಹಾಕಿದಳು. ಬೆಳಿಗ್ಗೆ ಬಸ್ಸಿಗೆ ಮೊದಲು, ಸಂಜೆ ಬಂದ ಮೇಲೆ. ಬಕೆಟ್ಟು ಹಿಡಿದು ಅಣ್ಣನ ಬಾಗಿಲಲ್ಲಿ ಹೋಗಿ ಆ ಮುಖಕ್ಕೆ ಚೊಂಬಿನಿಂದ ನೀರು ಎರಚುವಳು, ಹೊರಗೆ ಬಂದು ತಮ್ಮನ ಬಾಗಿಲಲ್ಲಿ ಹೋಗಿ ಈ ಮುಖಕ್ಕೆ. ಹಸಿ ಗೋಡೆ ನೀರನ್ನು ಸದ್ದಿಲ್ಲದೆ ಕುಡಿಯುತ್ತಿತ್ತು. ಅವಳ ಕೋಣೆ ಇದ್ದ ಜಾಗದಲ್ಲಿ ಈಗ ಎರಡು ಕಿರಿದಾದ ಸಂದುಗಳು. ಒಂದರಲ್ಲಿ ಅತ್ತಿಗೆ ರಾಗಿ ಮೂಟೆ ಇಟ್ಟಿದ್ದಳು, ಇನ್ನೊಂದರಲ್ಲಿ ಹೇಮಲತಾ ಮಕ್ಕಳ ಸೈಕಲ್ಲು. ಒಮ್ಮೆ ಅಲ್ಲಿ ಗೋಡೆಗೆ ಅಂಗೈ ಇಟ್ಟು ನೋಡಿದಳು. ತಣ್ಣಗಿತ್ತು. ಅವ್ವನ ಮಂಚ ಎಲ್ಲಿತ್ತು ಎಂದು ಲೆಕ್ಕ ಹಾಕಲು ಹೊರಟು, ಬಸ್ಸಿಗೆ ಹೊತ್ತಾಯಿತೆಂದು ಬಿಟ್ಟಳು.

ಆ ವಾರವೇ ಸುಳ್ಳನ್ನು ನಿಜ ಮಾಡಿದಳು. ಡ್ಯೂಟಿ ಮುಗಿಸಿ ನಂಜನಗೂಡಿನಲ್ಲಿ ಇಳಿದು ಕೇಳುತ್ತ ಹೋದಾಗ ಚಿಕ್ಕಬಸಮ್ಮ ಎಂಬ ಮುದುಕಿಯ ಮನೆಯ ಮಹಡಿಯ ಮೇಲೊಂದು ರೂಮು ಸಿಕ್ಕಿತು. ಮುದುಕಿ ಕೇಳಿದ್ದು ಒಂದೇ, "ಒಬ್ಳೇನಾ?" ಒಬ್ಬಳೇ ಎಂದಳು. ಹೊರಡುವ ದಿನ ಅಣ್ಣ ತಮ್ಮ ಇಬ್ಬರೂ ಬಂದು ಅವಳ ಟ್ರಂಕಿನ ಒಂದೊಂದು ಹಿಡಿ ಹಿಡಿದು, ಒಬ್ಬರ ಮುಖ ಒಬ್ಬರು ನೋಡದೆ, ಆಟೋದವರೆಗೆ ಹೊತ್ತು ತಂದರು. ಅತ್ತಿಗೆ ಉಪ್ಪಿನಕಾಯಿ ಕೊಟ್ಟಳು. ಹೇಮಲತಾ ಕಣ್ಣೊರೆಸಿಕೊಂಡಳು. "ಹಬ್ಬಕ್ಕೆ ಬಾಕ್ಕಾ" ಎಂದ ಕುಮಾರ. ಯಾರ ಮನೆಯ ಹಬ್ಬಕ್ಕೆ ಎಂದು ಅವನೂ ಹೇಳಲಿಲ್ಲ, ಅವಳೂ ಕೇಳಲಿಲ್ಲ.

ಹೊಸ ರೂಮಿನಲ್ಲಿ ದಿನಗಳು ಒಂದರ ಹಿಂದೊಂದು ಹೋದವು. ಫ್ಯಾಕ್ಟರಿ, ಅನ್ನ, ನಿದ್ದೆ. ಚಿಕ್ಕಬಸಮ್ಮ ಸಂಜೆ ಮೆಟ್ಟಿಲ ಬುಡದಲ್ಲಿ ಕೂತು, "ಯಾರೂ ನೋಡಕ್ ಬರ್ನಿಲ್ವಲ್ಲವ್ವ" ಎನ್ನುವಳು. ಬರುತ್ತಾರೆ ಎನ್ನುವಳು ಇವಳು. ಅಣ್ಣ ಫೋನ್ ಮಾಡಿ ಸೂರಿನ ನೀರು ತಮ್ಮನ ಕಡೆಯಿಂದ ಬೀಳುತ್ತದೆ ಎಂದರೆ, "ಸಿದ್ದಮಲ್ಲಪ್ಪನ್ನ ಕೇಳಣ್ಣ" ಎಂದು ನಂಬರ್ ಹೇಳುವಳು. ತಮ್ಮ ಮಾಡಿದರೂ ಅದೇ ನಂಬರ್.

ಮಳೆಗಾಲಕ್ಕೆ ಮುಂಚೆ ಕವನ ಒಂದು ದಿನ ಊಟದ ಹೊತ್ತಿಗೆ, "ವನಜಕ್ಕ, ಮನೇಲಿ ಬಾತ್‌ರೂಮ್ ಮಾಡಿಸ್ತಿದೀವಿ. ಅವ್ವುಂಗೆ ಮಂಡಿನೋವು, ಹಿತ್ಲಿಗೆ ಹೋಗಾಕಾಗಲ್ಲ. ನೀನ್ ಬಂದು ಒಬ್ರುನ್ನ ನೋಡ್ಕೊಡು" ಎಂದಳು. ಸಿದ್ದಮಲ್ಲಪ್ಪನಿಗೆ ಕೈತುಂಬ ಕೆಲಸ, ದೀಪಾವಳಿಯವರೆಗೆ ಬರಲಾರೆ ಎಂದಿದ್ದ. ವನಜಾಕ್ಷಿ ನರಸೀಪುರದಲ್ಲಿ ಕೇಳಿ, ಎರಡು ಮೂರು ಮನೆಗಳ ಬಚ್ಚಲಿಗೆ ಹೋಗಿ ನೋಡಿ, ಒಬ್ಬನನ್ನು ಗೊತ್ತು ಮಾಡಿದಳು. ಒಳ್ಳೆಯ ಕೆಲಸಗಾರನೇ. ಆದರೆ ಟೈಲ್ಸ್ ಹಾಕುವ ದಿನ ಅವನು ಬರಲಿಲ್ಲ, ಬೇರೊಬ್ಬನನ್ನು ಕಳಿಸಿಬಿಟ್ಟ.

ಭಾನುವಾರ ವನಜಾಕ್ಷಿ ಹೋದಾಗ ನೆಲ ಮುಗಿಯುತ್ತ ಬಂದಿತ್ತು. ಟೈಲ್ಸ್ ಹೊಳೆಯುತ್ತಿದ್ದವು. ಕವನಳ ತಾಯಿ ಚಲುವಮ್ಮ ಕುರ್ಚಿಯಲ್ಲಿ ಕೂತು ಸಂತೋಷದಿಂದ ನೋಡುತ್ತಿದ್ದಳು. ವನಜಾಕ್ಷಿ ಒಂದು ಚೊಂಬು ನೀರು ತಂದು ನೆಲದ ಮೇಲೆ ಸುರಿದಳು. ನೀರು ತೂಬಿನ ಕಡೆ ಹೋಗದೆ ಬಾಗಿಲ ಕಡೆ ಬಂದು ನಿಂತಿತು.

"ಇಳಿಜಾರು ಉಲ್ಟಾ ಆಗದೆ" ಎಂದಳು.

"ಏನಾಗಲ್ಲ ಬುಡಿ ಮೇಡಂ. ಒಂದ್ ವೈಪರ್ ಇಟ್ಕಳಿ" ಎಂದ ಆ ಮನುಷ್ಯ, ತಲೆ ಎತ್ತದೆ.

"ಮಂಡಿನೋವಿನ ಹೆಂಗ್ಸು ಬಗ್ಗಿ ನೀರ್ ತಳ್ತಾ ಕೂತ್ಕಬೇಕಾ?"

"ಎಲ್ರ ಮನೇಲೂ ಹಿಂಗೇ..."

"ತೆಗೀರಿ!" ಎಂದಳು. ಆ ಸ್ವರ ಎಲ್ಲಿಂದ ಬಂತೋ, ಬೀದಿಗೆ ಕೇಳಿಸುವಷ್ಟು ಜೋರಾಗಿತ್ತು. "ಪೂರ್ತಿ ತೆಗೀರಿ! ಅವ್ರು ಜಾರ್ ಬಿದ್ರೆ ನೀವ್ ಬಂದು ಎತ್ತೀರಾ? ಇರೋರು ಇವ್ರು. ನೀವ್ ಕಾಸ್ ಇಸ್ಕಂಡ್ ಹೊಂಟೋಯ್ತೀರಿ, ಇಲ್ಲಿ ದಿನಾ ಇರೋರು ಇವ್ರು! ಇರೋರ್ ಯಾರು ಅಂತ ಒಬ್ರಾದ್ರೂ ಕೇಳುದ್ರಾ?"

ಆ ಮನುಷ್ಯ ಕರಣೆ ಹಿಡಿದಂತೆಯೇ ಕೂತುಬಿಟ್ಟ. ಕವನ ಒಳಗಿನಿಂದ ಓಡಿ ಬಂದಳು. ವನಜಾಕ್ಷಿ ಚೊಂಬು ಕೆಳಗಿಟ್ಟು ನಡುಮನೆಗೆ ಬಂದು, ಬುದ್ಧನ ಪಟದ ಕೆಳಗಿದ್ದ ಚಾಪೆಯ ಮೇಲೆ ಕುಕ್ಕರಿಸಿದಳು. ಒಳಗೆ ಆ ಮನುಷ್ಯ ಗೊಣಗುತ್ತ ಟೈಲ್ಸ್ ಎಬ್ಬಿಸುವ ಸದ್ದು ಶುರುವಾಯಿತು.

ಚಲುವಮ್ಮ ಕುರ್ಚಿಯಿಂದ ಕಷ್ಟಪಟ್ಟು ಎದ್ದು ಬಂದು ಪಕ್ಕ ನಿಂತಳು. "ಯಾಕವ್ವ, ಅಷ್ಟ್ ಕ್ವಾಪ?"

"ಗೊತ್ತಿಲ್ಲ ಕಣಕ್ಕ" ಎಂದಳು ವನಜಾಕ್ಷಿ. ನಿಜವಾಗಿಯೂ ಗೊತ್ತಿರಲಿಲ್ಲ. ಚಲುವಮ್ಮ ಅವಳ ತಲೆಯ ಮೇಲೆ ಒಂದು ಗಳಿಗೆ ಕೈ ಇಟ್ಟು, ಒಳಗೆ ಹೋಗಿ ಮುದ್ದೆ, ಉಪ್ಸಾರು ಬಡಿಸಿಕೊಂಡು ಬಂದಳು. ಸಾರಿನ ಖಾರಕ್ಕೆ ವನಜಾಕ್ಷಿಯ ಮೂಗು ಕಣ್ಣು ಸೋರಿದವು. ಸೆರಗಿನಲ್ಲಿ ಒರೆಸಿಕೊಳ್ಳುತ್ತ ಉಂಡಳು.

"ಇನ್ನೊಂದ್ ಒಸಿ ಸಾರ್ ಬುಡಕ್ಕ" ಎಂದಳು. ಊಟ ಮುಗಿದ ಮೇಲೆ ಎದ್ದು, ಕೈ ತೊಳೆದು, ಸೆರಗು ಸಿಕ್ಕಿಸಿಕೊಂಡು ಮತ್ತೆ ಬಚ್ಚಲ ಬಾಗಿಲಿಗೆ ಹೋಗಿ ನಿಂತಳು.